ರೇಡಿಯೇಟರಿಗೆ ಮೆತ್ತಿದ ಮಣ್ಣು

ನಮ್ಮ ಮನೆಯವರು ಅರಸೀಕೆರೆಯಿಂದ ಬೇಲೂರಿಗೆ ಹೋಗುವ ದಾರಿಯನ್ನು ಮೈಲಿಕಲ್ಲುಗಳಿಂದ ಗುರುತು ಹಿಡಿಯುತ್ತಿರಲಿಲ್ಲ, ಬಾವಿಗಳಿಂದ ಗುರುತು ಹಿಡಿಯುತ್ತಿದ್ದರು. ಬಾಣಾವರದಲ್ಲಿ ಒಂದು ಬಾವಿ. ಜಾವಗಲ್ಲಿಗೆ ಮುಂಚೆ ತೆಂಗಿನ ತೋಟದ ಬಾವಿ. ಜಾವಗಲ್ ದಾಟಿದ ಮೇಲೆ, ಯಾವ ಕಡೆಯಿಂದ ಬಂದರೂ ಹತ್ತಬೇಕಾದ ಏರಿನ ನೆತ್ತಿಯಲ್ಲಿ ಹುಣಸೆಮರದ ಬಾವಿ. ಆಮೇಲೆ ಹಳೇಬೀಡಿನ ಕೆರೆ. ಯಾವ ಬಾವಿಗೆ ಹಗ್ಗ ಇದೆ, ಯಾವುದಕ್ಕೆ ಇಲ್ಲ, ಯಾವ ಬಾವಿಯ ಹತ್ತಿರ ಯಾವ ಹೆಂಗಸು ಬೈಯುತ್ತಾಳೆ, ಎಲ್ಲ ಅವರಿಗೆ ಗೊತ್ತಿತ್ತು. ಎಂಜಿನ್ ಕಾದು ಕಾರು ಕುದಿದಾಗ ನೀರು ಬೇಕಲ್ಲ, ಅದಕ್ಕೆ.

ನನ್ನ ಗಂಡ ಓಡಿಸುತ್ತಿದ್ದದ್ದು ಬಾಡಿಗೆ ಕಾರು. ಕಪ್ಪು ಮೈ, ಹಳದಿ ನೆತ್ತಿ. ಇಸವಿ ಎಪ್ಪತ್ತರ ಸಾಲು ಮುಗಿದು ಎಂಬತ್ತು ಹಿಡಿದ ಕಾಲದ ಮಾತು ಹೇಳುತ್ತಿದ್ದೇನೆ. ಕಾರು ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಎದುರು ಬೇವಿನ ಮರದ ಕೆಳಗೆ ನಿಂತಿರುತ್ತಿತ್ತು. ಬೆಳಗಿನ ರೈಲಿಗೆ ಬೇಲೂರು, ಹಳೇಬೀಡಿನ ಗುಡಿ ನೋಡುವವರು ಇಳಿಯುತ್ತಿದ್ದರು. ಅವರನ್ನು ಕರೆದುಕೊಂಡು ಹೋಗಿ ಸಂಜೆಗೆ ತಂದು ಬಿಡುವುದು. ಶನಿವಾರ ಮಾಲೇಕಲ್ಲಿಗೆ ಹೋಗುವ ಭಕ್ತರು. ಐದು ಜನ ಕೂರುವ ಕಡೆ ಒಂಬತ್ತು ಜನ, ಮೇಲೆ ಗಂಟುಮೂಟೆ. ಹಾಗೆ ತುಂಬಿ ಬಿಸಿಲಿನಲ್ಲಿ ಏರು ಹತ್ತಿಸಿದರೆ ಯಾವ ಕಾರಾದರೂ ಕುದಿಯುತ್ತದೆ. ಕಾರನ್ನು ನಾನು ಬೈಯುವುದಿಲ್ಲ.

ಸ್ಟೇಷನ್ನಿನ ಬೇರೆ ಡ್ರೈವರುಗಳು ಇವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. "ಏನ್ಲಾ, ನಿನ್ ಕಾರು ಇವತ್ತು ಎಷ್ಟು ಕೊಡ ಕುಡೀತು?" ಎಂದು ಕೇಳುವರು.

"ಅಲ್ನೋಡು, ರೈಲಿಗೇ ಆನೆ ಸೊಂಡ್ಲಷ್ಟು ದಪ್ಪ ಪೈಪಲ್ಲಿ ನೀರು ಕುಡಿಸ್ತಾವ್ರೆ. ನನ್ ಕಾರು ಎರಡು ಡಬ್ಬ ಕುಡಿದ್ರೆ ನಿಂಗೇನ್ಲಾ ಹೊಟ್ಟೆಯುರಿ?" ಎನ್ನುವರು ಇವರು.

ನಗುನಗುತ್ತಲೇ ಹೇಳುವರು. ಆದರೆ ಆ ಕಾರಿನ ಒಂದು ಮೊಳೆಯನ್ನೂ ಬದಲಾಯಿಸಲು ಯಾರಿಗೂ ಬಿಡುತ್ತಿರಲಿಲ್ಲ. ಬೇರೆಯವರು ಹಾರನ್ ಬದಲಾಯಿಸಿದರು, ದೀಪ ಬದಲಾಯಿಸಿದರು, ಒಬ್ಬ ಎಂಜಿನ್ನನ್ನೇ ಬದಲಾಯಿಸಿದ. ಇವರು ಮಾತ್ರ, "ಕಂಪ್ನಿಯೋರು ಓದಿರೋರು ಕಣೇ, ಅವ್ರು ಯೋಚ್ನೆ ಮಾಡಿ ಇಟ್ಟಿರ್ತಾರೆ. ನಾವು ಕೈ ಹಾಕಬಾರ್ದು" ಎನ್ನುವರು. ಓದಿದವರು ಎಂದರೆ ಅವರಿಗೆ ಅಷ್ಟು ಭಯಭಕ್ತಿ. ನಾನು ಮೂರನೇ ಕ್ಲಾಸು, ಅವರು ಅದೂ ಇಲ್ಲ.

ನಮ್ಮಪ್ಪ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಗಂಡಸಿ ಕಡೆಯ ಹಳ್ಳಿಗಳನ್ನೆಲ್ಲ ನಡೆದು ಸುತ್ತುತ್ತಿದ್ದರು. ನೆಲದಲ್ಲಿ ಗುಂಡಿ ತೋಡಿ, ಇದ್ದಿಲು ತುಂಬಿ, ಪಕ್ಕದಲ್ಲಿ ಚರ್ಮದ ತಿದಿ ಹೂಳುವರು. ತಿದಿ ಒತ್ತಿ ಗಾಳಿ ಊದುವುದು ನನ್ನ ಕೆಲಸ. ಮದುವೆಯಾಗುವವರೆಗೂ ಒತ್ತಿದ್ದೇನೆ. ತವರ ಕರಗಿಸುವುದು, ಮಸಿ ಬಿಡಿಸಲು ನವಸಾಗರದ ಪುಡಿ ಉದುರಿಸುವುದು, ಬಿರುಕಿಗೆ ಬೆಸುಗೆ ಹಾಕುವುದು, ನೋಡಿ ನೋಡಿ ಕೈಗೆ ಬಂದಿತ್ತು. ತಿದಿಯ ಕೊಳವೆಯ ಸುತ್ತ ಮಣ್ಣು ಸರಿಯಾಗಿ ಮೆತ್ತದಿದ್ದರೆ ಅಪ್ಪ ತಲೆಗೆ ಒಂದು ಮೊಟಕುವರು. "ಗಾಳಿಗೆ ಸಂದು ಸಿಕ್ಕಿದ್ರೆ ಬೆಂಕಿ ತಾವ ಯಾಕೆ ಹೋಯ್ತದೆ, ಅಂಗೇ ಎದ್ದೋಯ್ತದೆ" ಎನ್ನುವರು. ಈ ಮಾತು ಮುಂದೆ ಬೇಕಾಗುತ್ತದೆ, ಅದಕ್ಕೆ ಹೇಳಿದೆ.

ನಮಗೆ ಒಬ್ಬಳೇ ಮಗಳು. ಹಳೇಬೀಡಿನ ಹತ್ತಿರ, ಹುಲಿಕೆರೆ ಪಕ್ಕದ ಹಳ್ಳಿಗೆ ಕೊಟ್ಟಿದ್ದೆವು. ಮೊದಲ ಬಸುರಿನಲ್ಲಿ ಎಂಟನೇ ತಿಂಗಳಿಗೆ ಕರೆತರಲು ಹೋದೆವು. ಬಾಣಂತನ ತವರಲ್ಲೇ ಆಗಬೇಕಲ್ಲ. ಬಸ್ಸಿನಲ್ಲಿ ಕುಲುಕಾಟ, ಮನೆಯಲ್ಲೇ ಕಾರಿದೆ, ಅಪ್ಪನೇ ಡ್ರೈವರು. ರಾಣಿಯ ಹಾಗೆ ಕರೆತರುತ್ತೇನೆ ಎಂದು ಹೊರಟವರು ಇವರು. ಯುಗಾದಿ ಕಳೆದ ಬಿಸಿಲು. ವಾಪಸ್ಸು ಬರುವಾಗ ಏರಿನ ಹತ್ತಿರ ಕಾರು ಕುದಿಯಿತು. ಮುಚ್ಚಳದಿಂದ ಬಿಸಿನೀರು ಚಿಮ್ಮಿತು. ಡಬ್ಬದಲ್ಲಿದ್ದ ನೀರು ಸಾಲಲಿಲ್ಲ. ಹುಣಸೆಮರದ ಬಾವಿ ಆ ವರ್ಷ ಬತ್ತಿತ್ತು. ಇವರು ಡಬ್ಬ ಹಿಡಿದು ನೀರು ಹುಡುಕಿಕೊಂಡು ಹೋದರು. ನಾನು, ಮಗಳು ಮರದ ಕೆಳಗೆ ಕೂತೆವು. ಸೆರಗಿನಲ್ಲಿ ಅವಳಿಗೆ ಗಾಳಿ ಹಾಕಿದೆ. ಎರಡು ಗಂಟೆಯ ಮೇಲಾಯಿತು ಅವರು ಬರುವಷ್ಟರಲ್ಲಿ.

ವಾರಕ್ಕೆ ಹೆರಿಗೆ ನೋವು ಬಂತು. ದಿನ ತುಂಬಿರಲಿಲ್ಲ. ಗಂಡು ಕೂಸು, ಅಳಲಿಲ್ಲ. ಆಸ್ಪತ್ರೆಯ ಡಾಕ್ಟರಮ್ಮ, ಬಿಸಿಲಲ್ಲಿ ಕೂತದ್ದಕ್ಕೆ ಹೀಗಾಗಿದ್ದಲ್ಲ, ಕೂಸಿಗೆ ಒಳಗೇ ತೊಂದರೆ ಇತ್ತು ಎಂದು ಬಿಡಿಸಿ ಹೇಳಿದರು. ನಾನು ನಂಬಿದೆ. ಮಗಳು ನಂಬಿದಳು. ಇವರು ತಲೆಯಾಡಿಸಿದರು, ನಂಬಲಿಲ್ಲ. ಆಮೇಲೆ ಊಟಕ್ಕೆ ಕೂತರೆ ಎರಡನೇ ಮುದ್ದೆ ಕೇಳುವುದನ್ನು ಬಿಟ್ಟರು. ಕೇಳದಿದ್ದರೆ ಏನು, ನಾನು ಹಾಕುತ್ತಿದ್ದೆ. ತಿನ್ನುತ್ತಿದ್ದರು.

ಎರಡು ವರ್ಷದ ಮೇಲೆ ಮಗಳ ಕಾರ್ಡು ಬಂತು. ಅಕ್ಷರ ಕೂಡಿಸಿ ಕೂಡಿಸಿ ನಾನೇ ಓದಿದೆ. ಮತ್ತೆ ನೀರು ನಿಂತಿದೆ, ಬಸುರಿಗೆ ಐದು ತಿಂಗಳು ಎಂದು ಇತ್ತು. ಓದಿ ಹೇಳಿದೆ. ಇವರು ಬಹಳ ಹೊತ್ತು ಬೀಡಿ ಸೇದಿದರು. "ಈ ಸಲ ಬಸ್ಸಲ್ಲಿ ಕರ್ಕೊಂಡ್ ಬಾ. ನಾನು ಓಡಿಸಲ್ಲ" ಎಂದರು.

ನಾನು ಒಬ್ಬಳೇ ಬಸ್ಸಿನಲ್ಲಿ ಮಗಳ ಊರಿಗೆ ಹೋದೆ. ಬೀಗಿತ್ತಿ ಮಜ್ಜಿಗೆ ಕೊಟ್ಟು ಎದುರಿಗೆ ಕೂತರು. ಒಳ್ಳೆಯ ಹೆಂಗಸು, ನಾಲಿಗೆ ಮಾತ್ರ ಚುರುಕು.

"ಈ ಸಲ ನಮ್ಮನೇಲೇ ಆಗ್ಲಿ ಬಿಡಿ ಬೀಗ್ರೇ. ನಿಮ್ ಕಾರಿಗಿಂತ ನಮ್ ಎತ್ತೇ ವಾಸಿ. ಅವು ನಡು ದಾರೀಲಿ ಹೊಗೆ ಬಿಡಾಕಿಲ್ಲ."

"ನಿಮ್ಮೆತ್ತು ಅರಸೀಕೆರೆ ಆಸ್ಪತ್ರೆಗೆ ಯಾವಾಗ ಮುಟ್ಟತದೆ? ಮುಂದಿನ ಯುಗಾದಿಗಾ?" ಎಂದೆ.

ಬಾಗಿಲ ಸಂದಿಯಲ್ಲಿ ನಿಂತಿದ್ದ ಮಗಳು ನಕ್ಕಳು. ಹಿತ್ತಲಿಗೆ ಕರೆದುಕೊಂಡು ಹೋಗಿ ಅವಳನ್ನೇ ಕೇಳಿದೆ, ಬಸ್ಸಿನಲ್ಲಿ ಬರುತ್ತೀಯಾ ಎಂದು.

"ಅಪ್ಪಯ್ಯ ಕಾರು ತಂದ್ರೆ ಬತ್ತೀನಿ. ಬಸ್ಸಲ್ಲಾದ್ರೆ ಇಲ್ಲೇ ಇರ್ತೀನಿ ಕಣವ್ವ."

"ಅವರು ಓಡಿಸಲ್ಲ ಅಂತವ್ರಲ್ಲೇ."

"ಅದಕ್ಕೇ ಹೇಳ್ತಿರೋದು. ನಾನು ಬಸ್ಸಲ್ಲಿ ಬಂದ್ರೆ, ನಾನೂ ಅವ್ರದ್ದೇ ತಪ್ಪು ಅಂದಂಗಾಯ್ತದೆ."

ಹೊಟ್ಟೆಯಲ್ಲಿ ಹುಟ್ಟಿದವಳು ನನಗಿಂತ ಬುದ್ಧಿವಂತೆ ಎಂದು ಆವತ್ತು ತಿಳಿಯಿತು. ಬಸ್ಸಿನಲ್ಲಿ ವಾಪಸ್ಸು ಬರುವಾಗ ದಾರಿಯ ಬಾವಿಗಳನ್ನೆಲ್ಲ ನೋಡಿಕೊಂಡು ಬಂದೆ. ಇವರ ಮನಸ್ಸನ್ನು ರಿಪೇರಿ ಮಾಡಲು ನನ್ನಿಂದ ಆಗದು. ಕಾರನ್ನು ಮಾಡಿಸಬಹುದು ಅನ್ನಿಸಿತು.

ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬರು ಸಾಬರು ರೇಡಿಯೇಟರ್ ರಿಪೇರಿ ಮಾಡುತ್ತಿದ್ದರು. ಲಾರಿಯವರೆಲ್ಲ ಅವರ ಹತ್ತಿರವೇ ಬರುವುದು. ಎಂಜಿನ್ನಿನ ಬಿಸಿನೀರು ಇಳಿದು ಬಂದು ತಣ್ಣಗಾಗುವ ಜಾಗವೇ ರೇಡಿಯೇಟರ್. ಮೇಲೊಂದು ತೊಟ್ಟಿ, ಕೆಳಗೊಂದು ತೊಟ್ಟಿ, ನಡುವೆ ಸಣ್ಣ ಕೊಳವೆಗಳ ಜಾಲರಿ. ಜಾಲರಿಯ ಮಧ್ಯೆ ಗಾಳಿ ಹಾಯ್ದರೆ ನೀರು ತಣಿಯುತ್ತದೆ. ಸಾಬರು ಇಷ್ಟನ್ನು ಬೆರಳಿಟ್ಟು ತೋರಿಸಿದರು. ನಮ್ಮ ಕಾರಿನ ಜಾಲರಿಯಲ್ಲಿ ಕೊಳವೆಗಳು ಮೂರು ಸಾಲು. ಅವರ ಅಂಗಡಿಯ ಮೂಲೆಯಲ್ಲಿ ಗುಜರಿಗೆ ಬಂದ ಯಾವುದೋ ವ್ಯಾನಿನ ಜಾಲರಿ ಬಿದ್ದಿತ್ತು. ಅದು ನಾಲ್ಕು ಸಾಲು.

"ಇದನ್ನ ಕೂರಿಸಿದ್ರೆ ನೀರು ಜಾಸ್ತಿ ಹಿಡೀತದೆ, ಬೇಗ ತಣ್ಣಗಾಗ್ತದೆ. ಮಿಕ್ಕಿದ್ದು ಯಾವುದೂ ಮುಟ್ಟೋದು ಬೇಡ" ಎಂದರು ಸಾಬರು.

ಇವರನ್ನು ಒಪ್ಪಿಸಲು ಒಂದು ವಾರ ಹಿಡಿಯಿತು. "ಕಂಪ್ನಿಯೋರಿಗಿಂತ ನಿಂಗೆ ಜಾಸ್ತಿ ಗೊತ್ತೇನೇ?" ಎಂದರು.

"ಕಂಪ್ನಿಯೋರು ಐದು ಜನಕ್ಕೆ ಅಂತ ಮಾಡವ್ರೆ. ನೀವು ಒಂಬತ್ತು ಜನ ಹೇರ್ತೀರಿ. ಐದು ಜನದ ಪಾತ್ರೇಲಿ ಒಂಬತ್ತು ಜನಕ್ಕೆ ಬೇಯಿಸಿದ್ರೆ ಉಕ್ಕದೆ ಇನ್ನೇನಾಯ್ತದೆ?" ಎಂದೆ. "ನಾನೇನು ಎಂಜಿನ್ ಬಿಚ್ಚು ಅಂದ್ನಾ? ಪಾತ್ರೆ ದೊಡ್ಡದು ಮಾಡ್ಸಿ ಅಂದೆ."

ಪಾತ್ರೆಯ ಮಾತು ಅವರಿಗೆ ಹಿಡಿಸಿತು. ಒಂದು ಸೋಮವಾರ ಕಾರು ಸಾಬರ ಅಂಗಡಿಗೆ ಹೋಯಿತು. ಕಾರಿನ ತೊಟ್ಟಿಗಳು ಹಳೆಯವೇ, ನಡುವಿನ ಜಾಲರಿ ಮಾತ್ರ ವ್ಯಾನಿನದು. ಸಾಬರಿಗೆ ವಯಸ್ಸಾಗಿ ಕೈ ಸ್ವಲ್ಪ ನಡುಗುತ್ತಿತ್ತು. ಮೇಲಿನ ಬೆಸುಗೆ ಎರಡು ಸಲ ಕಿತ್ತುಬಂತು. ನೋಡುತ್ತಾ ನಿಂತಿದ್ದ ನಾನು, "ಕೊಡಿ ಸಾಬ್ರೇ" ಎಂದೆ. ಅವರು ನನ್ನ ಮುಖ ನೋಡಿ ಕಾದ ಬೆಸುಗೆ ಕೋಲನ್ನು ಕೊಟ್ಟರು. ಇಪ್ಪತ್ತು ವರ್ಷದ ಮೇಲೆ ತವರದ ವಾಸನೆ ಮೂಗಿಗೆ ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ತುದಿಯಿಂದ ಈ ತುದಿಗೆ ಒಂದೇ ಎಳೆ ಎಳೆದೆ. ನಮ್ಮ ಮನೆಯವರು ಅಂಗಡಿಯ ಬಾಗಿಲಿಗೆ ಬೆನ್ನು ಕೊಟ್ಟು, ಯಾರೂ ಒಳಗೆ ನೋಡದ ಹಾಗೆ ಅಡ್ಡ ನಿಂತಿದ್ದರು. ನನ್ನ ಮಾನ ಕಾಪಾಡಿದರೋ ತಮ್ಮದೋ, ಕೇಳಲಿಲ್ಲ.

ನೀರು ತುಂಬಿಸಿದರೆ ಒಂದು ಹನಿ ಸೋರಲಿಲ್ಲ. ಮಾರನೆಯ ದಿನ ಏಳು ಜನರನ್ನು ಹಾಕಿಕೊಂಡು ಬೇಲೂರಿಗೆ ಹೋದರು. ಸಂಜೆ ಬಂದು ಬಚ್ಚಲಲ್ಲಿ ಮುಖ ತೊಳೆದುಕೊಂಡು, "ಕುದೀತು" ಎಂದರು. ಅಷ್ಟೇ. ಏರಿನಲ್ಲಿ, ಅದೇ ಜಾಗದಲ್ಲಿ.

ನಾನು ಮೂರು ದಿನ ಯೋಚಿಸಿದೆ. ನಾಲ್ಕನೇ ದಿನ ಬೆಳಿಗ್ಗೆ ಕಾರು ಮನೆ ಮುಂದೆ ನಿಂತಿದ್ದಾಗ ಬಾನೆಟ್ ಎತ್ತಿಸಿದೆ. ಎಂಜಿನ್ ಶುರು ಮಾಡಿ ಎಂದೆ. ತೆಂಗಿನ ನಾರಿಗೆ ಬೆಂಕಿ ತಾಗಿಸಿ, ಹೊಗೆಯಾಡುವ ಹಾಗೆ ಮಾಡಿ, ರೇಡಿಯೇಟರಿನ ಮುಂದೆ ಹಿಡಿದೆ. ಫ್ಯಾನು ಹೊಗೆಯನ್ನು ಎಳೆಯಿತು. ಆದರೆ ಹೊಗೆ ಜಾಲರಿಯ ಒಳಗೆ ಸ್ವಲ್ಪ ಹೋಯಿತು, ಮಿಕ್ಕಿದ್ದೆಲ್ಲ ಪಕ್ಕದಿಂದ ನುಸುಳಿಕೊಂಡು ಹೋಯಿತು. ಕೈ ಇಟ್ಟು ನೋಡಿದೆ. ವ್ಯಾನಿನ ಜಾಲರಿ ದಪ್ಪ ಇತ್ತು, ಅಗಲ ಕಡಿಮೆ. ಎರಡೂ ಪಕ್ಕ ಮೂರು ಮೂರು ಬೆರಳು ಸಂದು. ಅಪ್ಪ ತಲೆಗೆ ಮೊಟಕಿದ ಹಾಗಾಯಿತು. ಗಾಳಿಗೆ ಸುಲಭದ ದಾರಿ ಇರುವಾಗ ಆ ಬಿಗಿ ಜಾಲರಿಯಲ್ಲಿ ಯಾಕೆ ತೂರುತ್ತದೆ? ನೀರಿನ ಪಾತ್ರೆ ದೊಡ್ಡದು ಮಾಡಿದ್ದೆವು, ಗಾಳಿಯ ದಾರಿ ನೋಡಿರಲಿಲ್ಲ.

ಇಲ್ಲಿ ನಾನು ಒಂದು ದಡ್ಡ ಕೆಲಸ ಮಾಡಿದೆ. ನನಗೆ ಗೊತ್ತಿದ್ದ ಮದ್ದು ಒಂದೇ. ಹುತ್ತದ ಮಣ್ಣು ತಂದು, ಸಗಣಿ, ತೆಂಗಿನ ನಾರು ಸೇರಿಸಿ ಕಲಸಿ, ತಿದಿಯ ಕೊಳವೆಗೆ ಮೆತ್ತುವ ಹಾಗೆ ರೇಡಿಯೇಟರಿನ ಎರಡೂ ಪಕ್ಕ ಗಟ್ಟಿಯಾಗಿ ಮೆತ್ತಿದೆ. ಒಂದು ದಿನ ಒಣಗಲು ಬಿಟ್ಟೆ. ನುಣ್ಣಗೆ ಸಾರಿಸಿದ ಒಲೆಯ ಹಾಗೆ ಕಾಣುತ್ತಿತ್ತು. ಹೊಗೆ ಹಿಡಿದರೆ ಎಲ್ಲ ಜಾಲರಿಯೊಳಗೇ ಹೋಯಿತು. ಇವರೂ ಬಗ್ಗಿ ನೋಡಿ ತಲೆಯಾಡಿಸಿದರು.

ಕಾರು ತೆಗೆದುಕೊಂಡು ಬಾಡಿಗೆಗೆ ಹೋಗಿ ಸಂಜೆ ಬಂದ ಇವರು ಟವಲಿನಲ್ಲಿ ಏನೋ ಕಟ್ಟಿಕೊಂಡು ತಂದರು. ಜಗಲಿಯ ಮೇಲೆ ಬಿಚ್ಚಿ ಸುರಿದರು. ಮಣ್ಣಿನ ಹೆಂಟೆಗಳು.

"ತಗೋ ನಿನ್ ಒಲೆ" ಎಂದರು. "ಬಾಣಾವರದವರೆಗೆ ಇತ್ತು. ಅಲ್ಲಿ ರೈಲ್ವೆ ಗೇಟು ಗಡಗಡ ಅಂದಿದ್ದೇ ಒಂದೊಂದೇ ಬಿತ್ತು. ಹಿಂದೆ ಕೂತಿದ್ದ ಬೆಂಗಳೂರಮ್ಮ ಕೇಳ್ತಾಳೆ, ಡ್ರೈವರ್, ಕಾರಿಗೆ ಯಾಕೆ ಸಗಣಿ ಅಂತ."

"ನೀವೇನಂದ್ರಿ?"

"ಪೂಜೆ ಮಾಡಿದ್ದು ಕಣಮ್ಮ ಅಂದೆ. ಇನ್ನೇನನ್ಲಿ? ನನ್ ಹೆಂಡ್ತಿ ಕಾರಲ್ಲಿ ಅಡುಗೆ ಮಾಡ್ತಾಳೆ ಅನ್ಲಾ?"

ನಾನು ನಗಬಾರದು ಎಂದುಕೊಂಡೆ, ಆಗಲಿಲ್ಲ. ಅವರೂ ನಕ್ಕರು. ಎರಡು ವರ್ಷದಲ್ಲಿ ಆ ಕಾರಿನ ವಿಷಯಕ್ಕೆ ನಮ್ಮ ಮನೆಯೊಳಗೆ ಯಾರಾದರೂ ನಕ್ಕದ್ದು ಅದೇ ಮೊದಲು. ಆ ರಾತ್ರಿ ಎರಡನೇ ಮುದ್ದೆ ತಾವೇ ಕೇಳಿದರು.

ನೆಲದಲ್ಲಿ ಹೂತ ತಿದಿ ಅಲ್ಲಾಡುವುದಿಲ್ಲ. ಕಾರು ಅಲ್ಲಾಡುತ್ತದೆ. ಇಷ್ಟು ಸಣ್ಣ ವಿಷಯ ನನಗೆ ಹೊಳೆದಿರಲಿಲ್ಲ. ಮಾರನೆಯ ದಿನ ಎಣ್ಣೆ ಡಬ್ಬ ಕತ್ತರಿಸಿ, ತಗಡನ್ನು ಅಳತೆಗೆ ಮಡಿಸಿದೆ. ಸಾಬರು ತೂತು ಕೊರೆದು ಬೋಲ್ಟು ಹಾಕಿಕೊಟ್ಟರು. ತಗಡು ಮತ್ತು ಜಾಲರಿ ಸೇರುವ ಕಡೆ ಕಡ್ಡಿಯಷ್ಟು ಸಂದು ಉಳಿಯಿತು. ನಮ್ಮ ಹಳೇ ಕಂಬಳಿಯ ಅಂಚನ್ನು ಕತ್ತರಿಸಿ, ಮಡಿಸಿ, ದಬ್ಬಳದಲ್ಲಿ ಹೊಲಿದು ಅಲ್ಲಿಗೆ ಒತ್ತಿದೆ. ಕಂಬಳಿ ಕುಲುಕಿದರೂ ಬಿರಿಯುವುದಿಲ್ಲ. ಸಾಬರು ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡು ಎರಡೂ ಕಡೆ ನೋಡಿದರು. "ಇದನ್ನ ಲಾರಿಯೋರಿಗೂ ಮಾಡಿಕೊಡಮ್ಮ" ಎಂದರು. ಅವರು ತಮಾಷೆ ಮಾಡಲಿಲ್ಲ.

ಅದರ ಮಾರನೆಯ ದಿನ ಬೇಲೂರಿಗೆ ಹೋದ ಕಾರು ಸಂಜೆ ಬಂತು. ಡಿಕ್ಕಿ ತೆಗೆದು ನೀರಿನ ಡಬ್ಬ ಎತ್ತಿ ನೋಡಿದೆ. ಬೆಳಿಗ್ಗೆ ನಾನು ತುಂಬಿದ್ದು ತುಂಬಿದ ಹಾಗೇ ಇತ್ತು.

ಆದರೂ ಒಪ್ಪಲಿಲ್ಲ ಆ ಮನುಷ್ಯ. "ಒಂದು ಸಲ ಆಯ್ತು ಅಂದ್ರೆ ಆಯ್ತಾ?" ಎಂದರು. ಆಮೇಲೆ ಏನು ಮಾಡಿದರು ಎಂದರೆ, ಬೇಕೆಂದೇ ಮಟಮಟ ಮಧ್ಯಾಹ್ನ ಹೊರಟರು. ಬೇಕೆಂದೇ ಒಂಬತ್ತು ಜನ ತುಂಬಿದರು. ಏರಿನಲ್ಲಿ ಬೇಕೆಂದೇ ನಿಲ್ಲಿಸಿ, ಮತ್ತೆ ಶುರು ಮಾಡಿ ಹತ್ತಿಸಿದರು. ಬಾಡಿಗೆ ಇಲ್ಲದ ದಿನ ಗಂಡಸಿ ಸಂತೆಯಿಂದ ತೆಂಗಿನಕಾಯಿ ಮೂಟೆ ಹೇರಿಕೊಂಡು ಬಂದರು. ಇಪ್ಪತ್ತು ದಿನ ಆ ಕಾರಿಗೆ ಅವರು ಕೊಟ್ಟ ಹಿಂಸೆ ಯಾವ ಅತ್ತೆಯೂ ಸೊಸೆಗೆ ಕೊಟ್ಟಿರುವುದಿಲ್ಲ. ದಿನಾ ಸಂಜೆ ನಾನು ಡಬ್ಬ ಎತ್ತಿ ನೋಡುವುದು, ಅದು ತುಂಬಿರುವುದು.

ಇಪ್ಪತ್ತೊಂದನೇ ದಿನ ಊಟ ಮಾಡಿ ಕೈ ತೊಳೆಯುತ್ತಾ, "ನಾಳೆ ಹೋಗಿ ಕರ್ಕೊಂಡ್ ಬರೋಣ" ಎಂದರು.

ಮಗಳ ಮನೆ ಮುಂದೆ ಕಾರು ನಿಂತಾಗ ಬೀಗಿತ್ತಿ ಕಾರಿನ ಮೂತಿಯ ಕಿಂಡಿಯೊಳಗೆ ಇಣುಕಿದರು.

"ಏನ್ ಬೀಗ್ರೇ, ಕಾರಿಗೂ ಕಂಬ್ಳಿ ಹೊದ್ಸಿದ್ದೀರಾ? ಚಳಿಯಾ?"

"ಹೂಂ ಬೀಗ್ತಿ. ಇದನ್ನೂ ಬಾಣಂತಿ ನೋಡ್ಕಂಡಂಗೆ ನೋಡ್ಕಬೇಕು" ಎಂದೆ.

ಅವರು ನಕ್ಕು, ಸೊಸೆಯ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ತುಂಬಿದರು. ಕಾರಿನ ಬಾಗಿಲು ಹಾಕುವಾಗ, "ಉಷಾರಾಗಿ ಹೋಗಿ ಅಣ್ಣ" ಎಂದು ಇವರಿಗೆ ಹೇಳಿದರು. ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಭಯ ಇತ್ತು.

ಬಿಸಿಲು ಆ ಸಲವೂ ಹಾಗೇ ಇತ್ತು. ಬಿಸಿ ತೋರಿಸುವ ಮುಳ್ಳನ್ನೇ ಇವರು ನೋಡುತ್ತಿದ್ದರು, ನಾನು ಅವರ ಕತ್ತಿನ ಹಿಂದೆ ಇಳಿಯುತ್ತಿದ್ದ ಬೆವರು ನೋಡುತ್ತಿದ್ದೆ. ಹುಣಸೆಮರ ಬಂತು. ಕಾರು ನಿಂತಿತು.

"ಕುದೀತಾ ಅಪ್ಪಯ್ಯ?" ಎಂದಳು ಮಗಳು.

"ಇಲ್ಲ ಕಣವ್ವ."

"ಮತ್ಯಾಕೆ ನಿಲ್ಸಿದ್ರಿ?"

ಅವರು ಇಳಿದು ಮುಂದೆ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತರು. ಅಲ್ಲೇ ನಿಂತರು. ನಾನು ಇಳಿಯಲು ಹೋದೆ. ಅಷ್ಟರಲ್ಲಿ ಮಗಳು ಆ ಕಡೆಯ ಬಾಗಿಲು ತೆಗೆದು, ಹೊಟ್ಟೆ ಹಿಡಿದುಕೊಂಡು ಇಳಿದಳು. ಕೂತ್ಕೊಳ್ಳೇ ಎಂದರೂ ಕೇಳಲಿಲ್ಲ. ಹೋಗಿ ಅಪ್ಪನ ಕೈ ಪಕ್ಕ ತನ್ನ ಕೈ ಇಟ್ಟಳು.

"ಬೆಚ್ಚಗೈತೆ, ಅಷ್ಟೇ" ಎಂದಳು. "ನಡೀರಿ ಅಪ್ಪಯ್ಯ. ನಂಗೆ ಹಸಿವಾಯ್ತೈತೆ."

ಅವರು ಟವಲಿನಿಂದ ಮುಖ ಒರೆಸಿಕೊಂಡರು. ಬೆವರು ಎಂದರು. ಇರಬಹುದು. ಮನೆ ಮುಟ್ಟುವವರೆಗೆ ಕಾರು ಎಲ್ಲೂ ನಿಲ್ಲಲಿಲ್ಲ.

ದಿನ ತುಂಬಿ ಹೆಣ್ಣು ಕೂಸಾಯಿತು. ಅತ್ತದ್ದು ಆಸ್ಪತ್ರೆಯ ಹೊರಗೆ ಕಾರಿನಲ್ಲಿ ಕೂತಿದ್ದ ಇವರಿಗೂ ಕೇಳಿತಂತೆ. ಐದು ತಿಂಗಳು ತುಂಬಿದ ಮೇಲೆ ತಾಯಿ, ಮಗುವನ್ನು ಗಂಡನ ಮನೆಗೆ ಬಿಟ್ಟುಬರಲು ಇವರೊಬ್ಬರೇ ಹೊರಟರು. ನನಗೆ ಜ್ವರ, ಹೋಗಲಾಗಲಿಲ್ಲ. ಕೂಸಿನ ತೊಟ್ಟಿಲನ್ನು ಕಾರಿನ ಮೇಲೆ ಕಟ್ಟಿದರು, ಬಟ್ಟೆಗಂಟು ಇಟ್ಟರು, ಕಾರು ಬೀದಿಯ ತಿರುವು ದಾಟಿತು. ಒಳಗೆ ಬಂದು ನೋಡಿದರೆ ನೀರಿನ ಡಬ್ಬ ಬಚ್ಚಲ ಬಾಗಿಲ ಪಕ್ಕದಲ್ಲೇ ಕೂತಿತ್ತು. ಅದಿಲ್ಲದೆ ಆ ಮನುಷ್ಯ ಊರು ದಾಟಿದ್ದೇ ಇಲ್ಲ. ಹೊರಗೆ ಹಾರನ್ ಸದ್ದು ಇನ್ನೂ ಕೇಳುತ್ತಿತ್ತು. ಡಬ್ಬ ಕೊಟ್ಟು ಪಕ್ಕದ ಮನೆಯವರನ್ನು ಓಡಿ ಹೋಗಿ ಎಂದು ಕಳಿಸಿದ್ದರೆ, ನಮ್ಮೂರ ರೈಲ್ವೆ ಗೇಟಿನ ಹತ್ತಿರ ಇವರು ಸಿಕ್ಕುತ್ತಿದ್ದರು.

ನಾನು ಯಾರನ್ನೂ ಕಳಿಸಲಿಲ್ಲ. ಆ ಡಬ್ಬದ ನೀರನ್ನು ಹಿತ್ತಲಿನ ಕರಿಬೇವಿನ ಗಿಡಕ್ಕೆ ಸುರಿದು, ಡಬ್ಬ ಬೋರಲು ಹಾಕಿ, ಹೋಗಿ ಮಲಗಿದೆ.